ಕಚ್ಚಾ

ಮೂರು ಕ್ಯಾಮೆರಾ ತಂದಿದ್ದೇನೆ, ಎರಡು ದಿನದ ಬಾಡಿಗೆಗೆ.
ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆ,
ಇನಾಯತ್ ಸಾಬರ ಫಿಲೇಚರು, ಬೆಳಗಿನ ಆರೂಕಾಲು.
ಬಾಯ್ಲರಿನ ಹೊಗೆಗೆ ಕಪ್ಪಾದ ತಗಡಿನ ಸೂರು.
ಬೆಂದ ಹುಳುವಿನ ವಾಸನೆ ಬಾಗಿಲಿಗೇ ಬಂತು,
ಯಾವ ಸೆನ್ಸರಿಗೂ ಸಿಗದ್ದು
ಎಲ್ಲರಿಗಿಂತ ಮೊದಲು.

ಗೂಡಿನ ಮಾರ್ಕೆಟ್ಟಲ್ಲಿ ನೋಡಿದ್ದೇನೆ,
ಮುಷ್ಟಿಯಷ್ಟು ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ,
ಒಳಗೆ ಟಕ್ಕೆಂದರೆ ಬೆಲೆ ಕೂಗುತ್ತಾರೆ.
ಕ್ಯಾಮೆರಾವನ್ನು ಹಾಗೆ ಕೊಳ್ಳುವಂತಿಲ್ಲ.
ಹನ್ನೆರಡು ಬಿಟ್ಟು, ಹದಿನೈದು ಸ್ಟಾಪು,
ಕ್ಯಾಟಲಾಗಿನಲ್ಲಿ ಎಲ್ಲವೂ ಗಟ್ಟಿ ಗೂಡೇ.

ಮೊದಲನೆಯದಕ್ಕೆ ಮಿಶ್ರತಳಿಯ ಹಳದಿಯೂ
ದ್ವಿತಳಿಯ ಬಿಳುಪೂ ಒಂದೇ.
ಮದುವೆ ಮನೆಯ ಟ್ಯೂಬ್‌ಲೈಟಿನಡಿ
ಹನ್ನೊಂದು ವರ್ಷ ದುಡಿದ ಕಣ್ಣು ನನ್ನದು,
ಅದಕ್ಕೂ ಗೊತ್ತು ಇದು ಹಳದಿ ಅಂತ.
ಪಕ್ಕಕ್ಕಿಟ್ಟೆ.

ಲೆನ್ಸಿನದು ಬೇರೆ ತಕರಾರು.
ಹೊಸದು ಎಷ್ಟು ಚೂಪೆಂದರೆ
ನಾರೆಮ್ಮನ ಬೆರಳಿನ ಸುಕ್ಕು ಎಣಿಸಬಹುದು,
ಬಿಸಿನೀರಲ್ಲಿ ನೆನೆದು ನೆನೆದು
ಸುಲಿದ ಕಡಲೆಯಂತಾದ ತುದಿಗಳು.
ಎಣಿಸುವುದು ನನಗೆ ಬೇಕಿರಲಿಲ್ಲ.
ಹಳೆಯ ಐವತ್ತು ಎಂಎಂ ತೊಡಿಸಿದೆ.
ತೊಟ್ಟಿಯ ಹಬೆ ಅದರ ಗಾಜಿನ ಮೇಲೆ ಕೂತಿತು,
ಒರೆಸಿದೆ, ಮತ್ತೆ ಕೂತಿತು.
ಒರೆಸುವುದು ಬಿಟ್ಟೆ.

ಇನ್ನು ಫೈಲು.
ಒತ್ತಿ ಹಿಂಡಿ ಸಣ್ಣದು ಮಾಡಿದ್ದೋ, ಕಚ್ಚಾದೋ?
ಗಂಟೆಗೆ ಒಂದು ಟೆರಾಬೈಟು ಅಂದಾಗ
ಸಾಬರು ಮನಸ್ಸಲ್ಲೇ ಅದನ್ನು ಕೆಜಿಗೆ ಬದಲಾಯಿಸಿ
'ಅಷ್ಟು ದುಡ್ಡಿಗೆ ಒಂದು ಲಾಟು ಗೂಡು ಬರ್ತದೆ' ಅಂದರು.
ಮೂಲೆಯಲ್ಲಿ ನೂಲಿನ ಲಡಿಗಳು ತೂಗುತ್ತಿದ್ದವು,
ಮಂಕು, ಒರಟು, ಮೈಯೆಲ್ಲ ಅಂಟು.
'ಕಚ್ಚಾ ರೇಷ್ಮೆ' ಅಂದರು, ಮುಟ್ಟಿ ನೋಡು ಅಂತ ಕೊಟ್ಟರು.
ನನ್ನ ಪರದೆಯ ಚಿತ್ರವೂ ಹಾಗೇ,
ಬೂದಿ ಬಳಿದಂತೆ, ಹೊಳಪಿಲ್ಲದೆ.
ಅಂಟು ತೊಳೆದರೆ ಮಿಂಚುತ್ತದೆ,
ತೊಳೆದರೆ ತೂಕದಲ್ಲಿ ಕಾಲುಪಾಲು ಹೋಗುತ್ತದೆ.
ಕಚ್ಚಾ ಅಂದರೆ ಯಾರೂ ಮುಟ್ಟದ್ದು ಅಂದುಕೊಂಡಿದ್ದೆ.
ಇದು ಕುದಿನೀರು ಕಂಡದ್ದು,
ಒಳಗಿನ ಜೀವ ಕಳೆದದ್ದು.
ನಾನು ಎಲ್ಲಿ ನಿಂತೆ, ಯಾರನ್ನು ಚೌಕಟ್ಟಿನಾಚೆ ಬಿಟ್ಟೆ,
ಅಷ್ಟೂ ಆದಮೇಲೆ ತಾನೇ ಇದೂ ಕಚ್ಚಾ?

ಕೊನೆಗೆ ಉಳಿದದ್ದು ಎರಡು,
ಅಗ್ಗದ್ದೊಂದು, ಬಾಡಿಗೆ ಕೇಳಿಯೇ ಎದೆ ಒಣಗುವಂಥದ್ದೊಂದು.
ರಾಟೆಯ ಮುಂದೆ ಎರಡನ್ನೂ ನಿಲ್ಲಿಸಿದೆ.
ಅಗ್ಗದ ಸೆನ್ಸರು ಚಿತ್ರವನ್ನು ಮೇಲಿಂದ ಕೆಳಗೆ
ಸಾಲುಸಾಲಾಗಿ ಓದುತ್ತದೆ,
ಅಷ್ಟರಲ್ಲಿ ತಿರುಗುವ ಚಕ್ರದ ಕಡ್ಡಿ ಬಾಗಿಬಿಡುತ್ತದೆ.
ಬಾಗಿತ್ತು!
ಆಂಜಿಗೆ ತೋರಿಸಿದೆ, ಪಾಠ ಮಾಡಿದೆ,
ದುಬಾರಿಯದರ ಬೆಲೆ ಯಾಕೆ ಅಷ್ಟು ಅಂತ.
ನಾರೆಮ್ಮ ತೊಟ್ಟಿಯಿಂದ ತಲೆಯೆತ್ತಲಿಲ್ಲ.
ಬೆರಳು ನೀರೊಳಗೆ ಕಾಣದ ಎಳೆಯ ತುದಿ ಹುಡುಕುತ್ತಿತ್ತು.
'ಅದು ಸೊಟ್ಟಗೇ ಐತೆ ಕಣಣ್ಣೋ,
ಎರಡು ವರ್ಷ ಆಯ್ತು, ಸಾಬರಿಗೆ ಹೇಳೀ ಹೇಳೀ ಸಾಕಾಯ್ತು.'

ಆಗ ದುಬಾರಿಯದರ ಪರದೆ ನೋಡಿದೆ.
ಅದರಲ್ಲೂ ಸೊಟ್ಟ.

ಸಾಬರು ಅತ್ತ ತಿರುಗಿ ಸೌದೆ ಎಣಿಸತೊಡಗಿದರು.
ಆಂಜಿ ನಕ್ಕ. ನಾನೂ ನಕ್ಕೆ, ತುಸು ತಡವಾಗಿ.

ಅಗ್ಗದ್ದನ್ನೇ ಇಟ್ಟುಕೊಂಡೆ, ಉಳಿದ ಹಣಕ್ಕೆ ಡಿಸ್ಕು.
ಆ ಬೆಳಗಿನದೆಲ್ಲ ಕಚ್ಚಾದಲ್ಲೇ ಇದೆ, ಇನ್ನೂ ತೊಳೆದಿಲ್ಲ.
ಹಬೆ ಸರಿದಾಗ ಒಂದೆರಡು ಕ್ಷಣ ಬೆರಳು ಕಾಣುತ್ತದೆ,
ಎಳೆ ಕಾಣುವುದಿಲ್ಲ,
ಅವಳಿಗೆ ಸಿಕ್ಕಿದೆ ಅಂತ ಮಾತ್ರ
ರಾಟೆ ತಿರುಗುವುದರಿಂದ ತಿಳಿಯುತ್ತದೆ.