ಓದುವ ಬಗೆ

ಕಾರ್ಡಿನಲ್ಲಿ ನಾವೇ ಅಚ್ಚು ಹಾಕಿ ಕಳಿಸಿದ್ದೆವು:
ನಿಮ್ಮ ಹೆಸರನ್ನು ಹೀಗೆ ಓದಬಹುದೆಂದು ಊಹಿಸಿದ್ದೇವೆ,
ತಪ್ಪಿದ್ದರೆ ಬನ್ನಿ. ಸರಿಯಿದ್ದರೆ ಸುಮ್ಮನಿರಿ.
ಊರಿಗೆ ಊರೇ ಸುಮ್ಮನಿತ್ತು.
ಗಡುವಿನ ಕೊನೆಯ ವಾರ ಬಂದರು ಕುಬೊನೊ ಅಜ್ಜ,
ರಬ್ಬರ್ ಬೂಟಿನಲ್ಲಿ, ಮೀನುಪೇಟೆಯಿಂದ ನೇರ,
ಕಾರ್ಡಿನ ಮೂಲೆಗೆ ಯಾವುದೋ ಮೀನಿನ ಹುರುಪೆ ಅಂಟಿತ್ತು.

"ಯೂಗ್ಯೊ ಅಲ್ಲ," ಅಂದರು.

ಎರಡೇ ಅಕ್ಷರ. ಧೈರ್ಯ, ಆಮೇಲೆ ಮೀನು.
ನಮ್ಮ ಬರಹದ ಕಷ್ಟವೇ ಇದು:
ಅರ್ಥ ಜಗಲಿಯಲ್ಲೇ ಕೂತಿರುತ್ತದೆ,
ದನಿ ಮಾತ್ರ ಒಳಗೆಲ್ಲೋ ಅಗುಳಿ ಹಾಕಿಕೊಂಡು.
ಹಾಗಾದರೆ ಇಸಾಓ? ಯೂಓ?
ಒಂದೊಂದಕ್ಕೂ ತಲೆದೂಗಿದರು ಅಜ್ಜ.
ಹೌದು, ಅದಕ್ಕೂ ಓಗೊಟ್ಟಿದ್ದೇನೆ, ಒಂದನೇ ಕ್ಲಾಸಿನ ಮೇಷ್ಟರಿಗೆ;
ಅದಕ್ಕೂ, ಆಸ್ಪತ್ರೆಯವರಿಗೆ; ದೋಣಿಯಲ್ಲಿ ಬರೀ 'ಮೀನು';
ಹೆಂಡತಿಗೆ ನಲವತ್ತೆರಡು ವರ್ಷ ನಾನು 'ಕೇಳಿಸ್ತಾ'.

"ಇಸನ," ಅಂದರು ಆಮೇಲೆ,
ಯಾರದೋ ಹೆಸರನ್ನು ಎರವಲು ತಂದವರ ಹಾಗೆ, ಮೆಲ್ಲಗೆ.

ಅಂದರೆ ತಿಮಿಂಗಿಲ. ಈಗ ಯಾರೂ ಹಾಗನ್ನುವುದಿಲ್ಲ.
ಸಾವಿರ ವರ್ಷದ ಹಿಂದಿನ ಪದ್ಯಗಳ ಕಡಲಲ್ಲಿ
ಈಜಾಡಿಕೊಂಡಿದ್ದ ಮಾತು,
ಈಟಿ ತಾಗದೆಯೇ ಸತ್ತದ್ದು.

ಮೂವತ್ತೊಂದು ವರ್ಷದಿಂದ ಈ ಮೂರನೇ ಕಿಟಕಿಯಲ್ಲಿ ನಾನು.
ಹರುತೊ ಎಂಬ ಹೆಸರನ್ನು ಹದಿನಾಲ್ಕು ಬಗೆಯಲ್ಲಿ ಬರೆದುಕೊಂಡಿದ್ದೇನೆ.
ಈ ವಸಂತದಲ್ಲಿ ಹುಟ್ಟಿದ ಒಂಬತ್ತು ಗಂಡುಕೂಸುಗಳಲ್ಲಿ
ನಾಲ್ಕು ಮಿನಾತೊ, ಅಂದರೆ ಬಂದರು.
ಬಂದರಿನಲ್ಲಿ ಅಷ್ಟು ದೋಣಿಗಳೂ ಉಳಿದಿಲ್ಲ.
ಮೊನ್ನೆ ಎಳೆಯ ಅಪ್ಪನೊಬ್ಬ ಕೇಳಿದ:
ಯಾರಿಗೂ ಇಲ್ಲದ ಹೆಸರು ಯಾವುದಾದರೂ ಉಂಟಾ,
ಎಲ್ಲರಿಗೂ ಓದಲು ಬರುವಂಥದ್ದು?
ಕಂಪ್ಯೂಟರಿನಲ್ಲಿ ಇಸನ ಹುಡುಕಿದೆ.
ಇಡೀ ಊರಿನಲ್ಲಿ ಒಬ್ಬರೂ ಇಲ್ಲ,
ಎದುರಿಗೆ ನಿಂತವರೂ ಸೇರಿ.

ನಿಯಮ ನಿಯಮವೇ. ಅಪರೂಪದ ಓದಿಗೆ ಪುರಾವೆ ಬೇಕು.
ಪಾಸ್‌ಪೋರ್ಟು? ಕಡಲಿನ ಮೇಲೆ ಯಾರು ಕೇಳುತ್ತಾರೆ.
ಪಾಸ್‌ಬುಕ್ಕು? ಅದರಲ್ಲಿ ಯೂಗ್ಯೊ.
ಪಿಂಚಣಿ ಯೂಗ್ಯೊ, ವಿಮೆ ಯೂಗ್ಯೊ,
ಎಡಮಂಡಿಯ ಎಕ್ಸ್‌ರೇ ಕೂಡ ಯೂಗ್ಯೊ.
"ಆಗಲೇ ತಿದ್ದಿಸಬೇಕಿತ್ತು ನೀವು."
"ಹಿಂದೆ ಕ್ಯೂ ಇತ್ತು," ಅಂದರು.

ಆಮೇಲೆ ಜೇಬಿನಿಂದ, ಬೆಂಕಿಪೊಟ್ಟಣದಷ್ಟು, ಒಂದು ಮರದ ಡಬ್ಬಿ.
ಹತ್ತಿಯ ಮೇಲೆ ಒಣ ಲವಂಗದ ಹಾಗೆ ಹೊಕ್ಕುಳಬಳ್ಳಿ.
ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ,
ಕಷ್ಟದ ಅಕ್ಷರ ಬಾರದ ತಾಯಿ
ಮಕ್ಕಳು ಮೊದಲು ಕಲಿಯುವ ಅಕ್ಷರದಲ್ಲಿ ಬರೆದದ್ದು:
ಇ   ಸ   ನ
ಒಂದೊಂದರ ನಡುವೆ ಉಸಿರೆಳೆದುಕೊಳ್ಳುವಷ್ಟು ಜಾಗ.

ನಮ್ಮ ಫಾರಮ್ಮಿನಲ್ಲಿ ಕರುಳಬಳ್ಳಿಗೆ ಕಾಲಂ ಇಲ್ಲ.
'ಇತರೆ' ಎಂಬಲ್ಲಿ ಗುರುತು ಹಾಕಿದೆ.
ಮುಚ್ಚಳವನ್ನಷ್ಟೇ ಜೆರಾಕ್ಸ್ ಮಾಡಿ,
ಎರಡೂ ಕೈಯಲ್ಲಿ ಹಿಡಿದು ಮರಳಿಸಿದೆ.

"ದನಿ ಎಲ್ಲಿ ಏರಬೇಕು? ಇ ಮೇಲೋ, ಸ ಮೇಲೋ?"
ಕಾಲಮ್ಮಿಗೆ ಅದು ಬೇಕಿರಲಿಲ್ಲ. ನನಗೆ ಬೇಕಿತ್ತು.
ಅಜ್ಜ ಬಾಯಿ ತೆರೆದರು. ಮುಚ್ಚಿದರು.
ಅಮ್ಮ ಹೋದಾಗ ಅವರಿಗೆ ಐದು.
ಅಕ್ಷರ ಡಬ್ಬಿಯಲ್ಲಿತ್ತು, ರಾಗವನ್ನು ಯಾರೂ ಎತ್ತಿಟ್ಟಿರಲಿಲ್ಲ.
"ನಿಮಗೆ ಹೇಗೆ ಬರುತ್ತೋ ಹಾಗೆ," ಅಂದರು.

ಹೋದ ಮೇಲೆ ನೋಡಿದರೆ ಕೊಡೆ ಇಲ್ಲೇ ಒರಗಿದೆ.
ಕರೆದೆ, ಇ ತಗ್ಗಿಸಿ, ಸ ಏರಿಸಿ: ಇಸನ-ಸಾನ್!
ಯಾರೂ ತಿರುಗಲಿಲ್ಲ. ಅವರೂ.
ಎದುರಿಗೆ ಕ್ಯೂ ಇತ್ತು. ಇರಲಿ.
ಕಿಟಕಿಯಿಂದ ಅರ್ಧ ಹೊರಗೆ ಬಾಗಿ,
ಮೀನು ಹರಾಜು ಕೂಗುವವಳ ಗಂಟಲಲ್ಲಿ,
ಈ ಸಲ ಇ ಏರಿಸಿ, ಉಳಿದದ್ದನ್ನು ಬಿದ್ದಲ್ಲಿ ಬೀಳಬಿಟ್ಟು
ಇನ್ನೊಮ್ಮೆ.

ಗಾಜಿನ ಬಾಗಿಲ ಬಳಿ ಆ ಬೆನ್ನು ನಿಂತಿತು.
ಬಹಳ ಕಾಲ ನೀರೊಳಗಿದ್ದ ದೊಡ್ಡದೇನೋ
ಮೇಲಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೋ
ಅಷ್ಟು ಹೊತ್ತು ಹಿಡಿದು, ತಿರುಗಿತು.
"ಹಾಂ," ಅಂದರು.