ಉಪ್ಪಿನ ಅಳತೆ

ಅಬೊಮೆಯ ಕೆಮ್ಮಣ್ಣಿನ ಅಂಗಳದಲ್ಲಿ
ಅಲುಗ್ಬಾ ಮೆಕ್ಕೆಜೋಳ ಬಿಡಿಸುತ್ತಿದ್ದಾಳೆ.
ಬಲಗೈಯಲ್ಲಿ ಮೂರೇ ಬೆರಳು.
ಉಳಿದೆರಡು ಎಲ್ಲಿ ಎಂದರೆ ದಿನಕ್ಕೊಂದು ಕತೆ:
ಮೊಸಳೆ ನುಂಗಿತು, ಸಾಲಕ್ಕೆ ಒತ್ತೆಯಿಟ್ಟೆ,
ನಿಮ್ಮ ತಾತನ ಮೂಗಿನಲ್ಲಿ ಸಿಕ್ಕಿಕೊಂಡವು.
ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಸೊಸೆಗೆ ಒಂದೇ ದೂರು.
ಮುದುಕಿ ಉಪ್ಪು ಹಾಕಿದ ಬೆಂಡೆಸಾರು
ಬಾಯಿಗಿಡಲಾಗದು.
ಎಡ ಅಂಗೈ ಗುಳಿ ಮಾಡಿ, ಹೆಬ್ಬೆರಳಲ್ಲಿ ಅಂಚು ಸವರಿ
ಕಣ್ಣೂ ಹಾಯಿಸದೆ ಸುರಿಯುತ್ತಾಳೆ,
ಉಣ್ಣುವವರು ಹತ್ತಿದ್ದರೂ ಅಷ್ಟೇ, ಇಬ್ಬರಿದ್ದರೂ ಅಷ್ಟೇ.
ಅದು ಉಪ್ಪಿನ ಅಳತೆಯಲ್ಲ.
ಒಂದು ಕೋವಿಯ ಹೊಟ್ಟೆ ತುಂಬುವಷ್ಟು ಮದ್ದು.

ಇವತ್ತು ತೆರಿಗೆಯ ಗುಮಾಸ್ತ ಬಂದಿದ್ದಾನೆ,
ಕರಾವಳಿಯ ಹುಡುಗ, ಫ್ರೆಂಚರ ಟೋಪಿ,
ಬೆವರಿಗೆ ಅಂಟಿಕೊಂಡ ಲೆಕ್ಕದ ಪುಸ್ತಕ.
ಹೆಸರು? ಅಲುಗ್ಬಾ.
ಗಂಡ?
ಇದ್ದ. ಯುದ್ಧ ಸೋತ ಮೇಲೆ ಕೊಟ್ಟರು,
ಸೋತವರಿಗೆ ಕಂಬಳಿ ಹಂಚಿದ ಹಾಗೆ.
ಕಸುಬು?
ಕೈಲಿದ್ದ ತೆನೆ ಕೆಳಗಿಟ್ಟಳು.
ಮುಳ್ಳಿನ ಗೋಡೆ ಹತ್ತುವುದು.
ಗುಮಾಸ್ತ ಬರೆದುಕೊಂಡ: ಮನೆಗೆಲಸ.

ಹತ್ತಿದ್ದಳು. ಹದಿನಾರರಲ್ಲಿ, ಬರಿಗಾಲಲ್ಲಿ,
ಆಳೆತ್ತರ ಪೇರಿಸಿದ ಜಾಲಿಮುಳ್ಳು.
ಆಚೆ ಇಳಿದಾಗ ಮೈ ತುಂಬ ಕೆಂಪು ಗೀರು,
ಅರಮನೆಯ ಡೋಲು, ಒಂದು ಬೊಗಸೆ ಕವಡೆ.
ಅಂದು ರಾತ್ರಿ ಎಲ್ಲರೂ ಕೂಗಿದರು:
ಇನ್ನು ನಾವು ಹೆಂಗಸರಲ್ಲ, ಗಂಡಸರು!
ಅವಳೂ ಕೂಗಿದಳು, ಗಂಟಲು ಹರಿಯುವಂತೆ.
ಆಮೇಲೆ ಕತ್ತಲಲ್ಲಿ ಪಕ್ಕದ ಚಾಪೆಯ ಸೆನಾಮಿಯನ್ನು ಕೇಳಿದಳು,
ಹತ್ತಿದ್ದು ನನ್ನ ಕಾಲು, ಸುರಿದದ್ದು ನನ್ನ ರಕ್ತ,
ಹೆಸರು ಮಾತ್ರ ಯಾಕೆ ಅವರದು?
ಸೆನಾಮಿ ನಿದ್ದೆಗಣ್ಣಲ್ಲೇ ಅಂದಳು:
ಮಲಗು ಮಾರಾಯ್ತಿ, ಬೇರೆ ಪದ ಇಲ್ಲ.

ನನ್ನ ನುಡಿಯಲ್ಲೂ ಇಲ್ಲ, ಅಲುಗ್ಬಾ.
ಗಂಡೆದೆ ಎನ್ನುತ್ತೇವೆ ನಾವು, ಗಂಡುಗಲಿ,
ಗಂಡುಮೆಟ್ಟಿದ ನೆಲ.
ನಿನ್ನನ್ನು ಬರೆಯಹೊರಟ ನಾನು
ನಿಘಂಟಿನ ಹೊಸಿಲಲ್ಲೇ ಎಡವಿ ನಿಂತಿದ್ದೇನೆ.

ಗುಮಾಸ್ತ ಪುಸ್ತಕ ಮಡಚುವಷ್ಟರಲ್ಲಿ
ತಾಳು, ಎಂದಳು. ಇನ್ನೊಬ್ಬಳನ್ನು ಬರೆದುಕೋ.
ಹೆಸರು?
ಗೊತ್ತಿಲ್ಲ.
ಊರು?
ಸುಟ್ಟೆವು.

ಕೋಳಿ ಕೂಗುವ ಮುಂಚೆ ನುಗ್ಗಿದ್ದ ಊರು.
ಕಣಜದಡಿಯ ಸಂದಿಗೆ ಕೈ ಹಾಕಿ ಎಳೆದಾಗ
ಒಳಗಿದ್ದವಳು ಕಚ್ಚಿದಳು.
ಬಿಡಲೇ ಇಲ್ಲ. ಕೋವಿಯ ಹಿಡಿಯಿಂದ
ಬಡಿದರೂ ಬಿಡಲಿಲ್ಲ.
ಅವಳ ಬೆನ್ನ ಹಿಂದೆ ಎರಡು ಮಕ್ಕಳು.
ಅವಳು ಯಾವ ಮುಳ್ಳೂ ಹತ್ತಿದವಳಲ್ಲ,
ಅವಳಿಗೆ ಯಾರೂ ಡೋಲು ಬಾರಿಸಿರಲಿಲ್ಲ.
ಬೆರಳು ಕೊಳೆತು ಬಿದ್ದದ್ದು ಆಮೇಲೆ.
ಅವಳನ್ನು ಹಗ್ಗದಲ್ಲಿ ಬಿಗಿದು ರಾಜನ ತಾಳೆತೋಟಕ್ಕೆ ನಡೆಸಿದ್ದು
ಈ ಉಳಿದ ಮೂರು.

ಇದನ್ನೆಲ್ಲ ಅವಳು ಹೇಳಲಿಲ್ಲ.
ಕೈ ಎತ್ತಿ ತೋರಿಸಿದಳು, ಅಷ್ಟೇ.
ಹೆಸರಿಲ್ಲದವರಿಗೆ ತೆರಿಗೆಯಿಲ್ಲ ಅಜ್ಜಿ,
ಎಂದು ನಕ್ಕು ಹೊರಟ ಹುಡುಗ.

ಸಂಜೆ ಸಾರಿಗೆ ಮತ್ತೆ ಅದೇ ಅಳತೆ.
ಸೊಸೆ ಗೊಣಗುತ್ತ ಎರಡು ಚೊಂಬು ನೀರು ಸುರಿದಳು.
ಹಿರಿಯ ಮೊಮ್ಮಗಳು ಅಫಿಯಾವಿ, ಕತೆ ನಂಬುವ ವಯಸ್ಸು ದಾಟಿದವಳು,
ಮುದ್ದೆ ಮುರಿದು ಅದ್ದಿ ತಿಂದಳು.
ಮೊಸಳೆಯ ವಿಷಯ
ಮತ್ತೆ ಕೇಳಲಿಲ್ಲ.