ಇಪ್ಪತ್ಮೂರನೆಯದು

ಅವತ್ತೂ ಮನ್ಸೂರಾದಲ್ಲಿ ಮಧ್ಯಾಹ್ನ ಎರಡು ತಾಸು ಕರೆಂಟಿಲ್ಲ.
ಕಲಕುವ ಯಂತ್ರ ನಿಂತಿತು. ಗುಂಡು ಫ್ಲಾಸ್ಕಿನೊಳಗೆ
ಅರ್ಧ ಆದ ನನ್ನ ಅಣು
ಅರ್ಧಕ್ಕೇ ಕೂತು ನನ್ನನ್ನು ನೋಡಿತು.

ವದೀ ಚಿಕ್ಕಪ್ಪ, ಮೂವತ್ತು ವರುಷದಿಂದ
ಇಲ್ಲಿ ಗಾಜು ತೊಳೆಯುವವನು, ಕಿಟಕಿ ತೆರೆದ.
ನೈಲ್ ಕಡೆಯ ಗಾಳಿ, ಕರಿದ ಕಾಳುವಡೆಯ ವಾಸನೆ.
"ದಮಿಯಾನಾ, ಇದು ಎಷ್ಟನೆಯದು?"
"ಇಪ್ಪತ್ಮೂರು."
"ನಮ್ಮಕ್ಕನಿಗೆ ಹನ್ನೊಂದು ಹೆರಿಗೆ" ಅಂದ,
ಸಮಾಧಾನಕ್ಕೋ ಏನೋ.

ಕಾಗದದ ಮೇಲೆ ಸುಲಭ:
ಗಂಧಕ ಹೊತ್ತ ಐದು ಮೂಲೆಯ ಉಂಗುರ,
ಪಕ್ಕದಲ್ಲಿ ಆರು ಮೂಲೆಯದು,
ಅದರ ತುದಿಗೆ ಕ್ಲೋರಿನ್, ಮೂಗುತಿಯಂತೆ.
ಕಂಪ್ಯೂಟರು ಅದನ್ನು ಕಿಣ್ವದ ಬಿಲಕ್ಕಿಳಿಸಿ
ಮಗ್ಗುಲು ಬದಲಿಸಿ, ಸೊಂಟ ತಿರುವಿ
ಒಪ್ಪುತ್ತದೆ ಎಂದಿತು.
ಮದುವೆ ದಲ್ಲಾಳಿಗೆ ಒಪ್ಪದ ಜೋಡಿ ಯಾವುದಿದೆ?

ಕುಂಬಾರನಿಗೆ ವರುಷ. ನನಗೆ ಹದಿನೇಳು ವಾರ.
ಕುದಿಸಿ, ಸೋಸಿ, ತೊಳೆದು, ಮತ್ತೆ ಹರಳುಗಟ್ಟಿಸಿ
ಕೊನೆಗೆ ಸೀಸೆಯ ತಳದಲ್ಲಿ
ಉಗುರಿನ ಮೇಲೆ ನಿಲ್ಲುವಷ್ಟು ಅರಿಶಿನದ ಬಣ್ಣ.

ಆ ಕೋಶಗಳ ಕಥೆಯನ್ನೂ ಹೇಳಬೇಕು.
ಎಲ್ಲೋ ಸಮುದ್ರದಾಚೆಯ ಹುಡುಗ, ಹದಿನೈದು,
ಅವನ ಪಿತ್ತಜನಕಾಂಗದಿಂದ ತೆಗೆದ ಗಂಟು.
ಹುಡುಗ ಇಲ್ಲ. ಗಂಟು ಇದೆ,
ಗುಲಾಬಿ ರಸ ಕುಡಿಯುತ್ತ ಊರೂರ ಲ್ಯಾಬುಗಳಲ್ಲಿ,
ಸಾಯುವುದನ್ನು ಕಲಿಯದೆ.
ರಸ ಬದಲಿಸುವಾಗ ಒಮ್ಮೊಮ್ಮೆ
"ಸ್ವಲ್ಪ ಸರಿ ಮಗು" ಅಂದುಬಿಡುತ್ತೇನೆ.
ಯಾರಿಗೆ ಅಂತ ಗೊತ್ತಿಲ್ಲ.

ತೊಂಬತ್ತಾರು ಕುಳಿಗಳ ತಟ್ಟೆ. ಎರಡು ದಿನ ಕಾವಿನಲ್ಲಿ.
ಆಮೇಲೆ ಹಳದಿ ಹನಿಸಬೇಕು:
ಬದುಕಿದ್ದು ಅದನ್ನು ತಿಂದು ನೇರಳೆ ಮಾಡುತ್ತದೆ,
ಸತ್ತಲ್ಲಿ ಹಳದಿ ಹಳದಿಯೇ.
ಮೂರು ವರುಷ ನೇರಳೆ ನೋಡಿ ನೋಡಿ
ಈಗ ಸಂತೆಯಲ್ಲಿ ಬದನೆಕಾಯಿ ಕಂಡರೂ ಸಿಟ್ಟು.

ಗುರುವಾರ ತಟ್ಟೆ ಹೊರತೆಗೆದೆ.
ಹಳದಿ. ಸಾಲಿಗೆ ಸಾಲೇ ಹಳದಿ,
ಔಷಧಿ ತೀರಾ ತೆಳುವಾದ ಕೊನೆಯ ಕುಳಿಯಲ್ಲೂ.
ವದೀ ಚಿಕ್ಕಪ್ಪ ಒದ್ದೆ ಕೈಯಲ್ಲೇ ಓಡಿ ಬಂದ.
"ಸತ್ತವಾ?"
"ಸತ್ತವು!"
ಗೋಡೆಯಾಚೆ ಕೇಳಿಸಿಕೊಂಡವರು
ಏನಂದುಕೊಂಡರೋ, ಅಷ್ಟು ನಕ್ಕೆವು.

ಆಮೇಲೆ ಎರಡನೆಯ ತಟ್ಟೆ, ರೋಗವಿಲ್ಲದ ಕೋಶಗಳದ್ದು.

ಅದೂ ಹಳದಿ.

ಕೊಲ್ಲುವುದೇನು ದೊಡ್ಡದು,
ಮೂಲೆಯ ಬಕೆಟ್ಟಿನಲ್ಲಿ ನೆಲ ಒರೆಸುವ ನೀರೂ ಕೊಲ್ಲುತ್ತದೆ.
ಬೇಲಿಯೇ ಎದ್ದು ಹೊಲ ಮೇಯುವ ರೋಗ ಇದು;
ನನ್ನ ಇಪ್ಪತ್ಮೂರಕ್ಕೆ
ಬೇಲಿ ಯಾವುದು ಹೊಲ ಯಾವುದು ಹೊಳೆಯಲೇ ಇಲ್ಲ,
ಎರಡನ್ನೂ ಸುಟ್ಟು ಬಂತು, ವಿಧೇಯ ಮಗಳ ಹಾಗೆ.

ನೋಟ್‌ಬುಕ್ಕಿನಲ್ಲಿ ಬರೆದೆ: ವಿಷ. ವಿವೇಚನೆ ಇಲ್ಲ.
ಕೆಳಗೆ ಗೆರೆ ಎಳೆಯಲಿಲ್ಲ.
ಕ್ಲೋರಿನ್ನಿನ ಮೂಗುತಿ ಬಿಚ್ಚಿ
ಫ್ಲೋರಿನ್ನಿನದು ಇಟ್ಟು ನೋಡಿದೆ,
ಪೆನ್ಸಿಲಿನಲ್ಲಿ, ತೆಳ್ಳಗೆ.

ವದೀ ಚಿಕ್ಕಪ್ಪ ಎಷ್ಟನೆಯದು ಎಂದು ಕೇಳಲಿಲ್ಲ.
ಗುಂಡು ಫ್ಲಾಸ್ಕನ್ನು ಬೆಳಕಿಗೆ ಹಿಡಿದ,
ಏನೋ ಕಂಡಿರಬೇಕು, ಮತ್ತೊಮ್ಮೆ ತೊಳೆದ,
ಬಾಯಿ ಕೆಳಗೆ ಮಾಡಿ ಒಣಗಲು ಇಟ್ಟ.